ಎಲ್ಲರ ಫೋಲ್ಡರಿನಲ್ಲಿ ಬೀಗದಮ್ಮನ ಕೀಲಿ

ಬೀಗದಮ್ಮನಿಗೆ ಆ ಹೆಸರಿಟ್ಟವರು ಯಾರೆಂದು ರಕ್ತ ಪರೀಕ್ಷೆಯ ಆ ಪ್ರಯೋಗಾಲಯದಲ್ಲಿ ಯಾರೂ ಹೇಳುವುದಿಲ್ಲ. ಗೊತ್ತಿಲ್ಲವೆಂದಲ್ಲ, ಹೇಳುವ ಗುಂಡಿಗೆ ಇಲ್ಲ. ಎದುರಿಗೆ ಎಲ್ಲರೂ "ಮೇಡಂ" ಎನ್ನುತ್ತಾರೆ. ಆಕೆ ಲಿಫ್ಟಿನೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡ ಮೇಲೆ ಬೀಗದಮ್ಮ ಎನ್ನುತ್ತಾರೆ. ಲಿಫ್ಟಿನ ಗುಂಡಿಯನ್ನು ಆಕೆ ಬೆರಳಿನಿಂದ ಒತ್ತುವುದಿಲ್ಲ, ಪೆನ್ನಿನ ಹಿಂಬದಿಯಿಂದ ಒತ್ತುತ್ತಾಳೆ. ಬಾಗಿಲನ್ನು ಮೊಣಕೈಯಿಂದ ತಳ್ಳುತ್ತಾಳೆ. ಬೇರೆಯವರು ಮಾತಾಡಿಟ್ಟ ಫೋನನ್ನು ಒರೆಸದೆ ಆಕೆ ಕಿವಿಗೆ ಹಿಡಿದದ್ದನ್ನು ಇಪ್ಪತ್ತೇಳು ವರ್ಷಗಳಲ್ಲಿ ಯಾರೂ ಕಂಡಿಲ್ಲ. ಹಾಲು ಒಡೆದಿದೆಯೇನೋ ಎಂದು ಪಾತ್ರೆಗೆ ಮೂಗು ತಾಗಿಸಿ ನೋಡುವವರ ಮುಖ ಹೇಗಿರುತ್ತದೋ ಹಾಗಿರುತ್ತದೆ ಆಕೆಯ ಮುಖ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆಯವರೆಗೆ. ಭಾನುವಾರ ಸ್ವಲ್ಪ ಸಡಿಲವಾಗುತ್ತದೆ ಎಂದು ಗಂಡ ಹೇಳುತ್ತಾನೆ. ಆದರೆ ಅವನು ಕನ್ನಡಕದ ಅಂಗಡಿಯವನು. ಗಿರಾಕಿ ಯಾವ ಫ್ರೇಮ್ ಹಾಕಿಕೊಂಡರೂ ಚೆನ್ನಾಗಿ ಕಾಣುತ್ತೆ ಎಂದು ಹೇಳಿ ಹೇಳಿ ಅಭ್ಯಾಸವಾದವನು.

ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಟೈಪಿಸ್ಟ್ ಆಗಿ ಸೇರಿದವಳು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ, ಎರಡಕ್ಕೂ ಒತ್ತುವ ಅಕ್ಷರಗಳು ಒಂದೇ ಥರ ಇವೆ ಎಂಬ ಒಂದೇ ಕಾರಣಕ್ಕೆ ಆಡಳಿತ ಮಂಡಳಿ ಆಕೆಯನ್ನು ಕಂಪ್ಯೂಟರ್ ವಿಭಾಗವೆಂದು ಘೋಷಿಸಿತು. ವಿಭಾಗದಲ್ಲಿ ಆಕೆಯನ್ನು ಬಿಟ್ಟರೆ ಇದ್ದದ್ದು ಒಂದು ಮೇಜು, ಒಂದು ಫ್ಯಾನು. ಕಂಪ್ಯೂಟರಿಗೆ ಕೆಲಸ ಹೇಳಲು ಪೈಥಾನ್ ಎಂಬ ಭಾಷೆ ಇದೆಯೆಂದು ತಿಳಿದು, ಹಳೆ ಪುಸ್ತಕದಂಗಡಿಯಿಂದ ರಟ್ಟು ಕಿತ್ತುಹೋದ ಪುಸ್ತಕ ತಂದು ತಾನೇ ಕಲಿತಳು. ಹಿಂದಿನ ಓದುಗ ಹಾಳೆ ಮಗುಚಲು ಬೆರಳಿಗೆ ಉಗುಳು ಹಚ್ಚಿಕೊಳ್ಳುತ್ತಿದ್ದ ಎನ್ನುವುದಕ್ಕೆ ಪುಟಗಳ ಮೂಲೆಯಲ್ಲಿ ಸಾಕ್ಷಿ ಇತ್ತು. ನಾನೂರು ಹಾಳೆಗಳ ಮೂಲೆಯನ್ನೂ ಕತ್ತರಿಯಿಂದ ಕತ್ತರಿಸಿದ ಮೇಲೆಯೇ ಆಕೆ ಓದಲು ಕೂತದ್ದು. ಮೂಲೆಯ ಜೊತೆಗೆ ಪುಟಸಂಖ್ಯೆಗಳೂ ಹೋದವು. ಹೋಗಲಿ, ಶುದ್ಧವಾಯಿತಲ್ಲ.

ಇಂಥವಳ ಕೈಗೆ ಪ್ರಯೋಗಾಲಯದ ಖಾಸಗಿ ಕೀಲಿ ಬಂತು.

ಇಲ್ಲಿಂದ ಆಸ್ಪತ್ರೆಗಳಿಗೆ ಹೋಗುವ ಪ್ರತಿ ವರದಿಗೂ ಕಂಪ್ಯೂಟರ್ ಒಂದು ಸಹಿ ಹಾಕುತ್ತದೆ. ಸಹಿ ಹಾಕುವುದು ಖಾಸಗಿ ಕೀಲಿ. ಅಂದರೆ ಒಂದು ಫೈಲಿನೊಳಗೆ ಕೂತಿರುವ, ತಲೆಬುಡ ತಿಳಿಯದ ಇಪ್ಪತ್ತೆಂಟು ಸಾಲು ಅಕ್ಷರ. ಆ ಸಹಿ ನಮ್ಮದೇ ಎಂದು ಲೋಕಕ್ಕೆ ಸಾರುವುದು ಡಿಜಿಟಲ್ ಪ್ರಮಾಣಪತ್ರ. ಪ್ರಮಾಣಪತ್ರವನ್ನು ಯಾರು ಬೇಕಾದರೂ ನೋಡಬಹುದು, ನಕಲು ಮಾಡಬಹುದು, ಇಷ್ಟವಿದ್ದರೆ ಬೆನ್ನಿಗಂಟಿಸಿಕೊಂಡು ತಿರುಗಬಹುದು. ಕೀಲಿ ಹಾಗಲ್ಲ. ಅದು ಬೇರೆಯವನ ಕೈಗೆ ಹೋದರೆ, ಸಕ್ಕರೆ ಕಾಯಿಲೆಯವನ ವರದಿಯಲ್ಲಿ "ಸಕ್ಕರೆ ಇಲ್ಲ" ಎಂದು ಬರೆದು ಸಹಿ ಒತ್ತಿ ಕಳಿಸಬಹುದು. ಆಸ್ಪತ್ರೆಯ ಕಂಪ್ಯೂಟರ್ ಕಣ್ಣುಮುಚ್ಚಿ ನಂಬುತ್ತದೆ.

ಹೊಸದಾಗಿ ಸೇರಿದವರಿಗೆ ಬೀಗದಮ್ಮ ಇದನ್ನು ಒಂದೇ ಮಾತಿನಲ್ಲಿ ತಿಳಿಸುತ್ತಿದ್ದಳು. "ಪ್ರಮಾಣಪತ್ರ ಅಂದ್ರೆ ನಿಮ್ಮ ಮುಖ. ಎಲ್ರೂ ನೋಡ್ಲಿ. ಕೀಲಿ ಅಂದ್ರೆ ನಿಮ್ಮ ಹಲ್ಲುಜ್ಜೋ ಬ್ರಷ್ಷು. ಇನ್ನೊಬ್ರು ಒಂದ್ಸಲ ಬಾಯಿಗಿಟ್ಕೊಂಡ್ರೆ ಎಂಜಲು. ಆಮೇಲೆ ಎಷ್ಟು ತೊಳೆದ್ರೂ ಎಂಜಲೇ. ನೀವು ಪಕ್ಕದ ಮನೆಯವರ ಬ್ರಷ್ಷಲ್ಲಿ ಹಲ್ಲುಜ್ತೀರೇನ್ರೀ?"

ಹೊಸಬರು ಇಲ್ಲವೆಂದು ತಲೆಯಾಡಿಸುತ್ತಿದ್ದರು. ಅವತ್ತು ಮಧ್ಯಾಹ್ನದ ಊಟ ಅವರಿಗೆ ಸೇರುತ್ತಿರಲಿಲ್ಲ.

ಒಂಬತ್ತು ವರ್ಷದ ಹಿಂದೆ ಆಕೆ ಪೈಥಾನ್‌ನಲ್ಲಿ ನಾನೂರು ಸಾಲಿನ ಒಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಆಜ್ಞೆಗಳ ಪಟ್ಟಿ ಬರೆದಳು. ಅದಕ್ಕೆ "ಕಾವಲುಗಾರ" ಎಂದು ಹೆಸರಿಟ್ಟಳು. ಕಾವಲುಗಾರ ದಿನಾ ಬೆಳಿಗ್ಗೆ ಏಳಕ್ಕೆ ತಾನೇ ಎದ್ದು ಪ್ರಮಾಣಪತ್ರದ ಅವಧಿ ಇನ್ನೆಷ್ಟು ದಿನ ಎಂದು ನೋಡುತ್ತದೆ. ಮೂವತ್ತು ದಿನ ಉಳಿದಾಗ ಹೊಸ ಕೀಲಿ ತಯಾರಿಸಿ, ಆ ಕೀಲಿಗೊಂದು ಪ್ರಮಾಣಪತ್ರ ಕೊಡಿ ಎಂದು ಅದನ್ನು ಕೊಡುವ ಸಂಸ್ಥೆಗೆ ಅರ್ಜಿ ಕಳಿಸಿ, ಬಂದದ್ದನ್ನು ಜಾಗಕ್ಕೆ ಕೂರಿಸಿ, ಬೀಗದಮ್ಮನಿಗೆ ಒಂದು ಸಾಲಿನ ಸಂದೇಶ ಹಾಕಿ ಮಲಗುತ್ತದೆ. ಒಂಬತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ. ಸಹೋದ್ಯೋಗಿಗಳು ಫೋನಿನಲ್ಲಿ ಮೊಮ್ಮಕ್ಕಳ ಫೋಟೋ ತೋರಿಸಿದಾಗ ಬೀಗದಮ್ಮ, "ಚೆನ್ನಾಗಿದೆ, ಸ್ವಲ್ಪ ಇಲ್ಲಿ ನೋಡಿ" ಎಂದು ಕಾವಲುಗಾರನ ನೂರ ಹದಿನೇಳನೆಯ ಸಾಲು ತೋರಿಸಿದ್ದುಂಟು.

ಇದೆಲ್ಲದರ ನಡುವೆ ಆಕೆಗೆ ಹೇಸಿಗೆ ಹುಟ್ಟಿಸುತ್ತಿದ್ದ ವಸ್ತು ಒಂದಿತ್ತು: ಎಲ್ಲರ ಫೋಲ್ಡರ್. ಪ್ರಯೋಗಾಲಯದ ಅಷ್ಟೂ ಕಂಪ್ಯೂಟರುಗಳಿಂದ ಯಾರು ಬೇಕಾದರೂ ಏನು ಬೇಕಾದರೂ ತಂದು ಸುರಿಯಬಹುದಾದ ಒಂದು ಜಾಗ. ಹೆಸರಿಲ್ಲದ ರಜಾ ಅರ್ಜಿಗಳು, ಯಾರದೋ ಮಗುವಿನ ಹುಟ್ಟುಹಬ್ಬದ ವಿಡಿಯೋ, "ಹೊಸದು", "ಹೊಸದು ಕೊನೆಯದು", "ಕೊನೆಯದು ನಿಜವಾಗಿಯೂ" ಎಂಬ ಮೂರು ಫೈಲು, ಮೂರರಲ್ಲೂ ಒಂದೇ ವಿಷಯ. ಸಾರ್ವಜನಿಕ ಶೌಚಾಲಯದ ಮುಂದೆ ಹೋಗುವಾಗ ಉಸಿರು ಬಿಗಿಹಿಡಿಯುವಂತೆ ಬೀಗದಮ್ಮ ಆ ಫೋಲ್ಡರಿನ ಪಕ್ಕ ಹಾದುಹೋಗುತ್ತಿದ್ದಳು. ಒಳಗೆ ಕಾಲಿಟ್ಟು ವರ್ಷಗಳಾಗಿದ್ದವು.

ಎರಡು ವರ್ಷದ ಕೆಳಗೆ ಲಿಫ್ಟಿನಲ್ಲಿ ಒಂದು ಪೆನ್‌ಡ್ರೈವ್ ಬಿದ್ದು ಸಿಕ್ಕಿತು. ಬೀಗದಮ್ಮ ಅದನ್ನು ಕರವಸ್ತ್ರದಲ್ಲಿ ಹಿಡಿದು ತಂದು ತೆರೆದಳು. ಅರವತ್ತು ಸಿನಿಮಾ ಹಾಡುಗಳ ನಡುವೆ, ಆಕೆಯ ಖಾಸಗಿ ಕೀಲಿ. ಒಗೆಯದ ಕಾಲುಚೀಲಗಳ ರಾಶಿಯಲ್ಲಿ ತನ್ನ ಬ್ರಷ್ಷು ಕಂಡಂತಾಯಿತು.

ಪೆನ್‌ಡ್ರೈವ್ ರಿಸೆಪ್ಷನ್‌ನಲ್ಲಿ ಕೂರುವವನದು. ಬಂದವರಿಗೆಲ್ಲ ನಗುತ್ತಾ ಮಾತಾಡುತ್ತಾನೆಂದು ಅವನನ್ನು ಎಲ್ಲರೂ ನಗುಮುಖ ಎನ್ನುತ್ತಿದ್ದರು. ನಿರ್ದೇಶಕರ ಕೋಣೆಯಲ್ಲಿ ವಿಚಾರಣೆ ನಡೆಯಿತು. ನಿರ್ದೇಶಕರೆಂದರೆ ಮೇಜಿನ ಮೇಲೆ ತಮ್ಮ ಹೆಸರಿನ ಫಲಕವನ್ನು ಬಂದವರಿಗೊಂದು, ತಮ್ಮ ಕಡೆಗೊಂದು ಎಂದು ಎರಡು ಇಟ್ಟುಕೊಂಡವರು.

"ಸಾರ್, ನಾನು ಮೇಡಂ ಕಂಪ್ಯೂಟರ್ ಮುಟ್ಟೇ ಇಲ್ಲ," ಎಂದ ನಗುಮುಖ. ಆಗಲೂ ಮುಖದಲ್ಲಿ ಅರ್ಧ ನಗು ಅಂಟಿಕೊಂಡಿತ್ತು. "ಎಲ್ಲರ ಫೋಲ್ಡರಲ್ಲಿ ಇತ್ತು. ರಕ್ತ ತಗೊಳೋ ಕೇಂದ್ರದವರು ಸಹಿ ಬರ್ತಿಲ್ಲ, ಆ ಫೈಲ್ ತಂದ್ಕೊಡಿ ಅಂದ್ರು. ತಗೊಂಡೋಗಿ ಕೊಟ್ಟೆ."

ಬೀಗದಮ್ಮ ಅವನ ಕಡೆ ತಿರುಗಲೂ ಇಲ್ಲ. "ನನ್ನ ಕೀಲಿ ಎಲ್ಲರ ಫೋಲ್ಡರಲ್ಲಿ ಇರೋದಕ್ಕೆ ಸಾಧ್ಯನಾ ಸಾರ್? ನನ್ನ ನೋಡಿ ನೀವೇ ಹೇಳಿ."

ನಿರ್ದೇಶಕರು ಆಕೆಯ ಮುಖ ನೋಡಿದರು. ಸಾಧ್ಯವಿಲ್ಲ ಎನಿಸಿತು. ಎಲ್ಲರ ಫೋಲ್ಡರನ್ನು ತೆರೆದು ನೋಡೋಣ ಎಂದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ಒಬ್ಬಳಿಗೆ ಹೊಳೆಯಿತು, ಆದರೆ ಅದನ್ನು ತೆರೆಯಬೇಕಲ್ಲ ಎಂದೇ ಆಕೆಗೆ ಅಸಹ್ಯವಾಗಿ ಸುಮ್ಮನಾದಳು.

ಮರುದಿನ ನಗುಮುಖನನ್ನು ನೆಲಮಾಳಿಗೆಯ ಮಾದರಿ ಕೋಣೆಗೆ ಹಾಕಿದರು. ಒಂಬತ್ತು ಕೇಂದ್ರಗಳಿಂದ ಬರುವ ಮಲಮೂತ್ರದ ಡಬ್ಬಿ ಬಾಟಲಿಗಳನ್ನು ಚೀಟಿ ನೋಡಿ ವಿಂಗಡಿಸಿ ಜೋಡಿಸುವ ಕೆಲಸ. ಕಿಟಕಿ ಇಲ್ಲ. ಬಂದವರಿಗೆ ನಗುವ ಅಗತ್ಯವೂ ಇಲ್ಲ, ಯಾರೂ ಬರುವುದಿಲ್ಲ. ಬೀಗದಮ್ಮ ಎರಡು ವರ್ಷದಲ್ಲಿ ಒಮ್ಮೆಯೂ ಆ ಮೆಟ್ಟಿಲು ಇಳಿಯಲಿಲ್ಲ. ಮಾಡಿದ್ದುಣ್ಣಲಿ ಎಂದುಕೊಂಡಿದ್ದಳು.

ಈ ವರ್ಷ ಪ್ರಮಾಣಪತ್ರದ ಸಂಸ್ಥೆಯವರು ಹೊಸದೊಂದು ಕಾಗದ ಕಳಿಸಿದರು. "ಖಾಸಗಿ ಕೀಲಿಯು ಒಂದೇ ಸ್ಥಳದಲ್ಲಿದ್ದು, ಅದರ ಪ್ರತಿ ಬೇರಾರ ಬಳಿಯೂ ಇರುವುದಿಲ್ಲವೆಂದು ಈ ಮೂಲಕ ಘೋಷಿಸುತ್ತೇನೆ." ಕೆಳಗೆ ಕೀಲಿ ಪಾಲಕರ ಸಹಿ. ಶುಕ್ರವಾರದೊಳಗೆ ಕಳಿಸದಿದ್ದರೆ ಪ್ರಮಾಣಪತ್ರ ನಿಲ್ಲುತ್ತದೆ. ನಿಂತರೆ ಯಾವ ಆಸ್ಪತ್ರೆಯೂ ಪ್ರಯೋಗಾಲಯದ ವರದಿಯನ್ನು ತೆಗೆದುಕೊಳ್ಳುವುದಿಲ್ಲ.

ಇನ್ನೊಬ್ಬರಾದರೆ ಸಹಿ ಗೀಚಿ ಟೀ ಕುಡಿಯಲು ಹೋಗುತ್ತಿದ್ದರು. ಬೀಗದಮ್ಮನಿಗೆ ಇದು ಬಹುದಿನ ಕಾಯುತ್ತಿದ್ದ ಅವಕಾಶ. ಕೇಂದ್ರದವರ ಹತ್ತಿರ ಇನ್ನೂ ಎಂಜಲು ಪ್ರತಿಗಳಿವೆಯೆಂದು ಆಕೆಗೆ ಬಲವಾದ ಗುಮಾನಿ. ಯಾರ್ಯಾರ ಹತ್ತಿರ ಎಂದು ಪಟ್ಟಿ ಮಾಡಿ, ಹೆಸರು ಸಮೇತ ನಿರ್ದೇಶಕರ ಮೇಜಿನ ಮೇಲಿಟ್ಟು, ಎಲ್ಲರ ಮಾನ ಕಳೆದು, ಆಮೇಲೆ ಎಲ್ಲ ಅಳಿಸಿ ಸಹಿ ಹಾಕುವುದೆಂದು ನಿಶ್ಚಯಿಸಿದಳು.

ಮಂಗಳವಾರ ಒಂದು ಹೊಸ ಸ್ಕ್ರಿಪ್ಟ್ ಬರೆದಳು. ಅದು ಪ್ರಯೋಗಾಲಯದ, ಒಂಬತ್ತು ಕೇಂದ್ರಗಳ ಪ್ರತಿ ಕಂಪ್ಯೂಟರಿನ ಪ್ರತಿ ಫೋಲ್ಡರನ್ನೂ ಹೊಕ್ಕು, ಕೀಲಿಯ ಹಾಗೆ ಕಾಣುವ ಪ್ರತಿ ಫೈಲನ್ನೂ ತೆಗೆದು, ನಮ್ಮ ಪ್ರಮಾಣಪತ್ರಕ್ಕೆ ಜೋಡಿ ಇದೇನಾ ಎಂದು ಲೆಕ್ಕ ಹಾಕಿ ನೋಡುತ್ತದೆ. ಹೆಸರು ಬದಲಿಸಿಟ್ಟರೂ ಬಿಡುವುದಿಲ್ಲ. ಯಾವ ಫೈಲು, ಎಲ್ಲಿ, ಯಾರು ಇಟ್ಟದ್ದು, ಯಾವ ಹೊತ್ತಿನಲ್ಲಿ ಎಂದು ಪಟ್ಟಿ ಬರೆಯುತ್ತದೆ.

ಬುಧವಾರ ಬೆಳಿಗ್ಗೆ ಪಟ್ಟಿ ಸಿದ್ಧವಾಗಿತ್ತು. ಮೂವತ್ತೊಂದು ಪ್ರತಿಗಳು.

ಓದುತ್ತಾ ಓದುತ್ತಾ ಬೀಗದಮ್ಮ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡಳು. ಎಕ್ಸ್‌ರೇ ವಿಭಾಗದವರ ಕಂಪ್ಯೂಟರಿನಲ್ಲಿ ಕ್ರಿಕೆಟ್ ವಿಡಿಯೋಗಳ ಪಕ್ಕ ಒಂದು. ಮೂರನೆಯ ಕೇಂದ್ರದಲ್ಲಿ "ಮರೀಬೇಡಿ" ಎಂಬ ಫೋಲ್ಡರಿನೊಳಗೆ ಎರಡು. ಐದನೆಯ ಕೇಂದ್ರದ ನರ್ಸಮ್ಮ ಅದನ್ನು ತಂಗಿಯ ಬಯೋಡೇಟಾದ ಜೊತೆ ಒಂದೇ ಮೇಲ್‌ನಲ್ಲಿ ಹಾಕಿ ತನಗೇ ಕಳಿಸಿಕೊಂಡಿದ್ದಳು. ಏಳನೆಯ ಕೇಂದ್ರದವರು ಕೀಲಿಗೆ ಗುಪ್ತಪದ ಹಾಕಿ ಭದ್ರ ಮಾಡಿದ್ದರು. ಆ ಗುಪ್ತಪದವನ್ನೇ ಫೈಲಿನ ಹೆಸರನ್ನಾಗಿ ಇಟ್ಟಿದ್ದರು.

"ಥೂ," ಎಂದಳು ಬೀಗದಮ್ಮ, ಫ್ಯಾನಿಗೆ.

ಪಟ್ಟಿಯನ್ನು ಹೊತ್ತಿನ ಪ್ರಕಾರ ಜೋಡಿಸಿದಳು, ಮೊದಲ ಎಂಜಲು ಮಾಡಿದವರು ಯಾರೆಂದು ತಿಳಿಯಲಿ ಎಂದು. ಈ ವರ್ಷದ ಕೀಲಿ ಹುಟ್ಟಿದ್ದು ಬೆಳಿಗ್ಗೆ ಏಳು ಗಂಟೆ ಹದಿನಾಲ್ಕು ಸೆಕೆಂಡಿಗೆ. ಮೊದಲ ಪ್ರತಿ ಎಲ್ಲರ ಫೋಲ್ಡರಿನಲ್ಲಿ ಕಾಣಿಸಿದ್ದು ಏಳು ಗಂಟೆ ಇಪ್ಪತ್ತೊಂದು ಸೆಕೆಂಡಿಗೆ.

ಏಳು ಸೆಕೆಂಡು! ಹೆರಿಗೆಯ ಕೋಣೆಯ ಬಾಗಿಲಲ್ಲೇ ಕಾದು ನಿಂತ ಕಳ್ಳ! ಆ ಹೊತ್ತಿಗೆ ಕಟ್ಟಡದಲ್ಲಿ ಕಸ ಗುಡಿಸುವವರು ಬಿಟ್ಟರೆ ಯಾರೂ ಇರುವುದಿಲ್ಲ. ಇದು ಹೊರಗಿನವರ ಕೈವಾಡ, ದೊಡ್ಡ ಜಾಲ, ಪೊಲೀಸರು, ಬಹುಶಃ ಪತ್ರಿಕೆಯವರೂ ಬರುತ್ತಾರೆ, ಯಾವ ಸೀರೆ ಉಡುವುದು ಎಂಬಲ್ಲಿಯವರೆಗೆ ಯೋಚನೆ ಹೋಯಿತು. ಆಮೇಲೆ "ಇಟ್ಟವರು" ಎಂಬ ಕಾಲಮ್ಮಿಗೆ ಕಣ್ಣು ಬಿತ್ತು.

ಅಲ್ಲಿದ್ದದ್ದು ಆಕೆಯ ಹೆಸರು.

ಎಲ್ಲರ ಫೋಲ್ಡರನ್ನು ತೆರೆಯಲೇಬೇಕಾಯಿತು. ಒಳಗೆ "ಹಳೇದು ಮುಟ್ಟಬೇಡಿ" ಎಂಬ ಒಳಫೋಲ್ಡರ್. ಅದರೊಳಗೆ ಒಂಬತ್ತು ವರ್ಷದ ಒಂಬತ್ತು ಕೀಲಿಗಳು, ವರ್ಷದ ಪ್ರಕಾರ ಸಾಲಾಗಿ, ಅಂಗಡಿಯ ಮುಂದೆ ತೂಗುಹಾಕಿದ ಹಾಗೆ. ಕಾವಲುಗಾರನ ನಾನೂರು ಸಾಲನ್ನು ಆಕೆ ಬಾಯಿಪಾಠ ಒಪ್ಪಿಸಬಲ್ಲಳು. ಆದರೆ ಕಾವಲುಗಾರ ಸಣ್ಣಪುಟ್ಟ ಕೆಲಸಕ್ಕೆ ಇನ್ನೊಂದು ಫೈಲನ್ನು ಕರೆಯುತ್ತದೆ. ಹೆಸರು "ಚಿಲ್ಲರೆ". ಸರಿಯಾಗಿ ಓಡುತ್ತಿದ್ದುದರಿಂದ ಅದನ್ನು ಒಂಬತ್ತು ವರ್ಷದಿಂದ ತೆರೆದಿರಲಿಲ್ಲ. ಈಗ ತೆರೆದಳು. ಕೊನೆಯಲ್ಲಿ ಒಂದೇ ಒಂದು ಸಾಲು: ಹೊಸ ಕೀಲಿ ಹುಟ್ಟಿದ ಕೂಡಲೇ ಅದರ ಪ್ರತಿಯನ್ನು ಎಲ್ಲರ ಫೋಲ್ಡರಿಗೆ ಹಾಕು. ಅದರ ಮೇಲೆ ಆಕೆಯೇ ತನಗಾಗಿ ಬರೆದಿಟ್ಟುಕೊಂಡ ಟಿಪ್ಪಣಿ:

# ತಾತ್ಕಾಲಿಕ. ನಾಳೆ ತೆಗೆಯಬೇಕು.

ನೆನಪಾಯಿತು. ಕಾವಲುಗಾರ ಮೊದಲ ಸಲ ಓಡಿದ ದಿನ ನಿರ್ದೇಶಕರು ಆಕೆಯ ಕುರ್ಚಿಯ ಹಿಂದೆ ಬಗ್ಗಿ ನಿಂತಿದ್ದರು. "ಕೀಲಿ ಕಳೆದುಹೋದ್ರೆ ಏನ್ರೀ ಗತಿ? ಎಲ್ಲಾದ್ರೂ ಒಂದು ಪ್ರತಿ ಇಡ್ರೀ, ಎಲ್ಲಾದ್ರೂ!" ಎಂದು ಆಕೆಯ ಕತ್ತಿನ ಮೇಲೆ ಬೆಳ್ಳುಳ್ಳಿ ವಾಸನೆಯ ಬಿಸಿ ಉಸಿರು ಬಿಡುತ್ತಿದ್ದರು. ಆ ಉಸಿರು ಒಂದು ಕ್ಷಣ ಮೊದಲು ತೊಲಗಲಿ ಎಂದು, ಕೈಗೆ ಸಿಕ್ಕಿದ ಜಾಗದ ಹೆಸರು ಹಾಕಿ ಆ ಸಾಲು ಬರೆದಿದ್ದಳು. ನಾಳೆ ತೆಗೆಯಬೇಕು ಎಂದು ಪ್ರಾಮಾಣಿಕವಾಗಿ ಅಂದುಕೊಂಡಿದ್ದಳು.

ಅಂದರೆ ನಗುಮುಖ ಹೇಳಿದ್ದು ನಿಜ. ಅವನು ಏನನ್ನೂ ಕದಿಯಲಿಲ್ಲ. ಬೀದಿಯಲ್ಲಿ ತೂಗುಹಾಕಿದ್ದನ್ನು ಕೇಳಿದವರಿಗೆ ಕೊಟ್ಟ. ಬ್ರಷ್ಷನ್ನು ಊರಬಾಯಿಗೆ ಇಟ್ಟವಳು ತಾನು.

ಬೀಗದಮ್ಮ ಎದ್ದು ಹೋಗಿ ಕೈ ತೊಳೆದಳು. ಬಂದು ಕೂತಳು. ಮತ್ತೆ ಹೋಗಿ ತೊಳೆದಳು. ಕನ್ನಡಿಯಲ್ಲಿ ಹಾಲು ಮೂಸುವ ಮುಖ ತನ್ನನ್ನೇ ಮೂಸುತ್ತಿತ್ತು.

ಸಂಜೆ ಆರಕ್ಕೆ ಮನೆಗೆ ಬಂದಾಗ ಗಂಡ ಊಟದ ಮೇಜಿನ ಮೇಲೆ ಕನ್ನಡಕದ ಪುಟಾಣಿ ತಿರುಪುಗಳನ್ನು ಹರಡಿಕೊಂಡು ಕೂತಿದ್ದ. ಬೇರೆ ದಿನವಾದರೆ ಅದಕ್ಕೊಂದು ಜಗಳವಿತ್ತು.

"ರೀ, ನಾನು ಒಬ್ಬನ ಬದುಕು ಹಾಳು ಮಾಡಿದೀನಿ ಕಣ್ರೀ."

ಗಂಡ ತಲೆಯೆತ್ತದೆ, "ಒಬ್ಬನದೇನಾ?" ಎಂದ. "ನನ್ನ ಲೆಕ್ಕದಲ್ಲಿ ಇಬ್ರು."

ಒಳಗಿನ ಕೋಣೆಯಿಂದ ಅತ್ತೆ, "ನನ್ನ ಬಿಟ್ಟು ಎಣಿಸ್ಬೇಡ್ವೋ," ಎಂದರು.

ಬೀಗದಮ್ಮ ನಗಲಿಲ್ಲ. ಗಂಡ ತಿರುಪು ಕೆಳಗಿಟ್ಟ. ಎಲ್ಲವನ್ನೂ ಹೇಳಿದಳು. ಆ ಸಾಲು ಯಾರಿಗೂ ಗೊತ್ತಿಲ್ಲ ಎಂದೂ ಹೇಳಿದಳು. ಅಳಿಸಿ, ಪ್ರತಿಗಳನ್ನೂ ಅಳಿಸಿ, ಶುಕ್ರವಾರ ಸಹಿ ಹಾಕಿಬಿಟ್ಟರೆ ಕಾಗದದ ಮೇಲೆ ಎಲ್ಲ ಸ್ವಚ್ಛ.

"ಆ ಹುಡ್ಗ ಎಲ್ಲಿದಾನೆ ಈಗ?" ಎಂದ ಗಂಡ. ನಗುಮುಖನಿಗೆ ನಲವತ್ತಾಗಿತ್ತು, ಕನ್ನಡಕದ ಅಂಗಡಿಯಲ್ಲಿ ಎಪ್ಪತ್ತರ ಒಳಗಿನವರೆಲ್ಲ ಹುಡುಗರು.

"ಕೆಳಗೆ. ಬಾಟ್ಲಿ ಹತ್ರ."

"ಮೂಗು ಮುಚ್ಕೊಂಡು ಒಂದ್ಸಲ ಹೋಗಿ ಬಾ."

"ಹೋಗಿ ಏನಂತ ಹೇಳ್ಲಿ?"

"ಅದು ನಂಗೊತ್ತಿಲ್ಲಪ್ಪ. ನಾನು ಕಣ್ಣಿಗೆ ಗಾಜು ಹಾಕೋನು. ಕಂಡಮೇಲೆ ಏನ್ಮಾಡ್ಬೇಕು ಅನ್ನೋದು ಗಿರಾಕಿಗೆ ಬಿಟ್ಟಿದ್ದು."

ಗುರುವಾರ ಬೆಳಿಗ್ಗೆ ಬೀಗದಮ್ಮ ಪಟ್ಟಿ ಹಿಡಿದು ನಿರ್ದೇಶಕರ ಕೋಣೆಗೆ ಹೋದಳು. ಮೂವತ್ತೊಂದು ಸಾಲು, ಮೊದಲನೆಯದರಲ್ಲಿ ತನ್ನ ಹೆಸರು. ನಿರ್ದೇಶಕರು ಕನ್ನಡಕ ಏರಿಸಿ ನೋಡಿದರು.

"ಮೂವತ್ತೊಂದಾ? ನಂದು ಸೇರಿಸಿಲ್ಲ ಅನ್ಸುತ್ತೆ," ಎಂದು ಜೇಬಿನಿಂದ ಪರ್ಸ್ ತೆಗೆದರು. ಅದರೊಳಗಿಂದ ಬಸ್ ಪಾಸಿನಷ್ಟು ದೊಡ್ಡ, ಲ್ಯಾಮಿನೇಟ್ ಮಾಡಿಸಿದ ಒಂದು ಚೀಟಿ. ಇಪ್ಪತ್ತೆಂಟು ಸಾಲಿನ ಕೀಲಿಯನ್ನು ಅಷ್ಟಗಲಕ್ಕೆ ಕುಗ್ಗಿಸಿ ಅಚ್ಚು ಹಾಕಿಸಿದ್ದರು. "ಪ್ರತಿ ವರ್ಷ ಹೊಸದು ಮಾಡಿಸ್ತೀನಿ. ಸಂಸ್ಥೆ ಮುಖ್ಯಸ್ಥನಾದ್ಮೇಲೆ ಸಂಸ್ಥೆಯ ಕೀಲಿ ಮೈಮೇಲೇ ಇರ್ಬೇಕು, ಏನಂತೀರಿ?"

ಎಲ್ಲಿ ಅಚ್ಚು ಹಾಕಿಸಿದಿರಿ ಎಂದು ಬೀಗದಮ್ಮ ಕೇಳಿದಳು.

"ಬಸ್ ನಿಲ್ದಾಣದ ಎದುರಿಗಿರೋ ಜೆರಾಕ್ಸ್ ಅಂಗಡೀಲಿ. ತುಂಬಾ ನಂಬಿಕಸ್ತ. ಅವನೂ ಒಂದು ಪ್ರತಿ ಇಟ್ಕೊಂಡಿದಾನೆ, ಮುಂದಿನ ಸಲ ಅಳತೆಗೆ ಬೇಕಂತೆ."

ಬೀಗದಮ್ಮ ಚೀಟಿ ನೋಡಲು ಬಗ್ಗಿದಳು. ಒಂಬತ್ತು ವರ್ಷದ ಹಿಂದೆ ಕತ್ತಿನ ಮೇಲೆ ಬಿದ್ದ ಅದೇ ಉಸಿರು. ಲ್ಯಾಮಿನೇಟ್ ಚೀಟಿಯ ಮೂಲೆಯಲ್ಲಿ ಏನೋ ಸಾರಿನ ಕಲೆ.

"ಸಾರ್, ಈ ಘೋಷಣೆಗೆ ನಾನು ಸಹಿ ಹಾಕಲ್ಲ. ಸುಳ್ಳಾಗುತ್ತೆ."

ನಿರ್ದೇಶಕರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಯಾರಿಗಾದರೂ ಬುದ್ಧಿ ಹೇಳುವ ಮೊದಲು ಅವರು ಹಾಗೆ ಒರಗುತ್ತಿದ್ದರು. "ನೋಡಿ ಮೇಡಂ. ಅಳಿಸೋದೆಲ್ಲ ಅಳ್ಸಿ, ಸಹಿ ಹಾಕಿ, ಮುಗೀತು. ಪಟ್ಟೀಲಿ ನಿಮ್ಮ ಹೆಸರು ಬೇರೆ ಯಾಕೆ? ತೆಗೀರಿ. ಯಾರು ಮಾಡಿದ್ದು ಅಂತ ಎರಡು ವರ್ಷದ ಹಿಂದೇನೇ ತೀರ್ಮಾನ ಆಗಿದೆಯಲ್ಲ. ಆ ಮನುಷ್ಯ ಕೆಳಗೆ ಹೊಂದ್ಕೊಂಡೂ ಬಿಟ್ಟಿದಾನೆ. ಈಗ ಅದನ್ನ ಕೆದಕಿದ್ರೆ ತೀರ್ಮಾನ ಮಾಡಿದ ನನ್ನ ಮುಖ ಏನಾಗ್ಬೇಕು?"

"ಮುಖ ಬೇರೆ, ಕೀಲಿ ಬೇರೆ ಸಾರ್," ಎಂದಳು ಬೀಗದಮ್ಮ. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಅವರ ಮೇಜನ್ನು ಬರಿಗೈಯಿಂದ ಮುಟ್ಟಿ, ಆ ಕಾಗದವನ್ನು ಅವರ ಕಡೆ ತಿರುಗಿಸಿ, ಹಿಂಬದಿಯ ಏಳನೆಯ ನಿಯಮ ತೋರಿಸಿದಳು. ಯಾರೂ ಓದದಿರಲಿ ಎಂದೇ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: ಕೀಲಿ ಪರರ ಕೈಸೇರಿರುವುದು ತಿಳಿದ ಇಪ್ಪತ್ನಾಲ್ಕು ಗಂಟೆಯೊಳಗೆ ಪಾಲಕರು ಸಂಸ್ಥೆಗೆ ತಿಳಿಸಿ ಪ್ರಮಾಣಪತ್ರವನ್ನು ರದ್ದು ಮಾಡಿಸತಕ್ಕದ್ದು. "ನಂಗೆ ತಿಳಿದಿದ್ದು ನಿನ್ನೆ ಹತ್ತೂವರೆಗೆ. ಈಗ ಹತ್ತು ಗಂಟೆ."

"ರದ್ದಾ? ಹಾಗಂದ್ರೆ ಇವತ್ತಿನ ವರದಿಗಳ ಗತಿ?"

"ಕಾಗದದ ಮೇಲೆ ಕೊಡ್ಬೋದು ಸಾರ್. ಮುಖ್ಯಸ್ಥರು ಪೆನ್ನಲ್ಲಿ ಸಹಿ ಹಾಕಿದ್ರೆ ಆಸ್ಪತ್ರೆಯವರು ತಗೋತಾರೆ. ನಿಯಮ ಒಂಬತ್ತು."

ನಿರ್ದೇಶಕರಿಗೆ ತಮ್ಮ ಸಹಿಯೆಂದರೆ ಅಭಿಮಾನ. ತಡೆಯುವ ಮಾತು ನಾಲಗೆಯ ತುದಿಗೆ ಬಂದದ್ದು, "ಮುಖ್ಯಸ್ಥರು ಸಹಿ ಹಾಕಿದರೆ" ಎಂಬುದನ್ನು ಕೇಳಿ ಒಂದು ಕ್ಷಣ ಅಲ್ಲೇ ತಡವರಿಸಿತು. ಅಷ್ಟರಲ್ಲಿ ಬೀಗದಮ್ಮ ತನ್ನ ಮೇಜಿಗೆ ಹೋಗಿ, ಪೈಥಾನ್‌ನಲ್ಲಿ ಆರು ಸಾಲು ಬರೆದು, ರದ್ದು ಕೋರಿಕೆ ಕಳಿಸಿಬಿಟ್ಟಿದ್ದಳು. ಪಟ್ಟಿಯನ್ನೂ ಹಾಗೇ, ತನ್ನ ಹೆಸರು ಮೊದಲ ಸಾಲಿನಲ್ಲಿಟ್ಟು, ಎಲ್ಲರಿಗೂ ಮೇಲ್ ಮಾಡಿದಳು.

ಹತ್ತೂಕಾಲಿಗೆ ಪ್ರಯೋಗಾಲಯದ ಸಹಿ ಸತ್ತುಹೋಯಿತು. ಹತ್ತೂವರೆಗೆ ಫೋನುಗಳು ಹೊಡೆದುಕೊಳ್ಳತೊಡಗಿದವು. ನಿರ್ದೇಶಕರ ಮೇಜಿನ ಮೇಲೆ ಆರುನೂರ ನಲವತ್ತು ವರದಿಗಳು ಬಂದು ಕೂತವು. ಮೊದಲ ಇಪ್ಪತ್ತರಲ್ಲಿ ಅವರ ಸಹಿಗೆ ಕೊಂಬು, ಬಾಲ, ಕೆಳಗೆ ಎರಡು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ. ನೂರರ ಹೊತ್ತಿಗೆ ಚುಕ್ಕೆ ಹೋದವು. ಇನ್ನೂರಕ್ಕೆ ಬಾಲ ಕಳಚಿತು. ಮುನ್ನೂರರ ಹೊತ್ತಿಗೆ ಅದೊಂದು ಗೀಟು. ಸೊಳ್ಳೆ ಹೊಡೆದ ಗುರುತೋ ಸಹಿಯೋ ಎಂದು ಕೇಳಲು ಒಂದು ಆಸ್ಪತ್ರೆಯವರು ಫೋನ್ ಮಾಡಿದರು.

ಬೀಗದಮ್ಮ "ಚಿಲ್ಲರೆ" ಫೈಲಿನ ಕೊನೆಯ ಪುಟವನ್ನು ಅಚ್ಚು ಹಾಕಿಕೊಂಡು ನೆಲಮಾಳಿಗೆಯ ಮೆಟ್ಟಿಲು ಇಳಿದಳು.

ಮೂರನೆಯ ಮೆಟ್ಟಿಲಿಗೇ ವಾಸನೆ ಬಂತು. ಕರವಸ್ತ್ರಕ್ಕೆ ಕೈ ಹೋಯಿತು, ಮತ್ತೆ ಕೆಳಗಿಳಿಸಿದಳು. ಮಾದರಿ ಕೋಣೆಯ ಟ್ಯೂಬ್‌ಲೈಟಿನ ಕೆಳಗೆ ಹಳದಿಯ ಅಷ್ಟೂ ಬಣ್ಣದ ಬಾಟಲಿಗಳು ಸಾಲುಸಾಲಾಗಿದ್ದವು. ನಗುಮುಖ ಎತ್ತರದ ಸ್ಟೂಲಿನ ಮೇಲೆ ಕೂತು ಚೀಟಿ ಓದುತ್ತಿದ್ದ. ಅವನ ಮುಖದಲ್ಲಿ ನಗುವಿದ್ದ ಜಾಗ ಖಾಲಿ ಇತ್ತು, ಗೋಡೆಯಿಂದ ಕ್ಯಾಲೆಂಡರ್ ತೆಗೆದ ಮೇಲೆ ಉಳಿಯುವ ಹಾಗೆ.

"ಮೇಲ್ ನೋಡಿದ್ರಾ?" ಎಂದಳು.

"ಇಲ್ಲಿ ಕಂಪ್ಯೂಟರ್ ಕೊಟ್ಟಿಲ್ಲ ಮೇಡಂ. ಕದ್ದುಬಿಡ್ತೀನಿ ಅಂತ."

ಆಕೆ ಕಾಗದ ಚಾಚಿದಳು. ಅವನು ಕೈಯಲ್ಲಿದ್ದ ಬಾಟಲಿಯನ್ನು ಆಕೆಗೆ ಚಾಚಿದ. "ಇದನ್ನ ಸ್ವಲ್ಪ ಹಿಡ್ಕೊಳಿ. ನೆಟ್ಟಗೆ ಹಿಡೀರಿ, ಮುಚ್ಚಳ ಸಡಿಲ ಇದೆ."

ಬೀಗದಮ್ಮ ಹಿಡಿದುಕೊಂಡಳು. ಬಾಟಲಿ ಇನ್ನೂ ಬೆಚ್ಚಗಿತ್ತು. ಯಾರದ್ದೋ ಮೈಯ ಬಿಸಿ ಆಕೆಯ ಬರಿಯ ಅಂಗೈಗೆ ಇಳಿಯಿತು. ಆದರೂ ನೆಟ್ಟಗೆ ಹಿಡಿದು ನಿಂತಳು. ನಗುಮುಖ ಅವಸರವಿಲ್ಲದೆ ಓದಿದ. ಪೈಥಾನ್ ಅವನಿಗೆ ಬಾರದು. ಟಿಪ್ಪಣಿ ಕನ್ನಡದಲ್ಲೇ ಇತ್ತು.

"ತಾತ್ಕಾಲಿಕ. ನಾಳೆ ತೆಗೆಯಬೇಕು," ಎಂದು ಗಟ್ಟಿಯಾಗಿ ಓದಿದ. "ಯಾರು ಬರೆದಿದ್ದು?"

"ನಾನು. ಒಂಬತ್ತು ವರ್ಷದ ಹಿಂದೆ. ನೀವು ಅವತ್ತು ಹೇಳಿದ್ದು ನಿಜ. ನಾನು ತೆರೆದು ನೋಡ್ಲಿಲ್ಲ."

"ಯಾವ ನಾಳೆ ಮೇಡಂ?" ಎಂದ ನಗುಮುಖ. ಆಮೇಲೆ ನಕ್ಕ. ರಿಸೆಪ್ಷನ್‌ನಲ್ಲಿ ನಗುತ್ತಿದ್ದ ನಗುವಲ್ಲ. ಎರಡು ವರ್ಷ ಮುಚ್ಚಿಟ್ಟ ಡಬ್ಬಿಯ ಮುಚ್ಚಳ ಹಾರಿದಂಥದ್ದು. ಸ್ಟೂಲಿನ ಮೇಲೆ ಬಾಗಿ ಬಾಗಿ ನಕ್ಕ. ಆಕೆ ಬಾಟಲಿ ಹಿಡಿದು ನಿಂತೇ ಇದ್ದಳು.

"ನಾಳೆಯಿಂದ ನೀವು ಮೇಲಕ್ಕೆ ಬರ್ಬೋದು," ಎಂದಳು. "ಎಲ್ರಿಗೂ ಮೇಲ್ ಹಾಕಿದೀನಿ."

"ಮೇಲ್ ಯಾರ್ರೀ ಓದ್ತಾರೆ?" ನಗು ಒರೆಸಿಕೊಂಡು ಹೇಳಿದ. "ಅವತ್ತು ನನ್ನ ಕಳ್ಳ ಅಂದಿದ್ದು ಮೇಲ್‌ನಲ್ಲಲ್ಲ, ಬಾಯಲ್ಲಿ. ಇದನ್ನೂ ಬಾಯಲ್ಲೇ ಹೇಳಿ. ಅದೇ ಕೋಣೇಲಿ."

ಅದೇ ಕೋಣೆಯಲ್ಲಿ, ನಾನೂರ ಹನ್ನೆರಡನೆಯ ಗೀಟು ಎಳೆಯುತ್ತಿದ್ದ ನಿರ್ದೇಶಕರ ಮುಂದೆ, ವರದಿ ಒಯ್ಯಲು ನಿಂತಿದ್ದ ಆರು ಜನರ ಎದುರಿಗೆ, ಬೀಗದಮ್ಮ ಬಾಯಿಬಿಟ್ಟು ಹೇಳಿದಳು. ಹೇಳುವಾಗ ಮುಖ ಹಾಲು ಮೂಸುವ ಹಾಗೇ ಇತ್ತು. ಆ ಅಸಹ್ಯ ಆಕೆಗೆ ತನ್ನ ಮೇಲೆಯೇ ಎಂದು ಆ ಆರು ಜನಕ್ಕೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನಿರ್ದೇಶಕರು ಕೈ ಬೆರಳು ಮಡಚಲಾಗದೆ, "ಆಯ್ತು, ಆಯ್ತು, ಮೊದಲು ಆ ಹೊಸ ಕೀಲಿ ಮಾಡಿಸ್ರೀ," ಎಂದಷ್ಟೇ ಹೇಳಿದರು.

ಹೊಸ ಕೀಲಿ ಒಂದಲ್ಲ, ಹತ್ತು. ಒಂಬತ್ತು ಕೇಂದ್ರಕ್ಕೆ ಒಂದೊಂದು, ಪ್ರಯೋಗಾಲಯಕ್ಕೊಂದು. ಪ್ರತಿಯೊಂದೂ ತನ್ನ ಕಂಪ್ಯೂಟರಿನಲ್ಲೇ ಹುಟ್ಟಿ ಅಲ್ಲೇ ಇರುವಂತೆ, ಯಾರೂ ಯಾರ ಹತ್ತಿರವೂ ಕೇಳುವ ಅಗತ್ಯವೇ ಬೀಳದಂತೆ. ಅದಕ್ಕೆ ಕಾವಲುಗಾರನನ್ನು ಹೊಸದಾಗಿ ಬರೆದಳು. ಆದರೆ ಹೊಸ ಪ್ರಮಾಣಪತ್ರಗಳಿಗೂ ಅದೇ ಘೋಷಣೆ ಬೇಕು.

ಸೋಮವಾರ ಬೆಳಿಗ್ಗೆ ನಗುಮುಖ ರಿಸೆಪ್ಷನ್ನಿನ ಕುರ್ಚಿಯಲ್ಲಿ ಕೂತಿದ್ದ. ಬೀಗದಮ್ಮ ಹೊಸ ಸ್ಕ್ರಿಪ್ಟಿನ ಹದಿನಾಲ್ಕು ಪುಟ ತಂದು ಅವನ ಮುಂದಿಟ್ಟಳು.

"ಇದನ್ನ ಓದಿ. ಒಂದೊಂದು ಸಾಲೂ ಏನು ಮಾಡುತ್ತೆ ಅಂತ ನನ್ನ ಕೇಳಿ. ನಿಮಗೆ ಅರ್ಥ ಆಗದ ಸಾಲನ್ನ ತೆಗೆದುಹಾಕ್ತೀನಿ."

"ನಂಗೆ ಇದೆಲ್ಲ ಬರಲ್ಲ ಮೇಡಂ."

"ಅದಕ್ಕೇ ನಿಮ್ಮನ್ನ ಕೇಳ್ತಿರೋದು. ಬರೋರೆಲ್ಲ ನೋಡ್ದೆ ಬಿಡ್ತೀವಿ."

ಬಂದವರಿಗೆ ನಗುತ್ತಾ, ಫೋನ್ ಎತ್ತುತ್ತಾ, ನಡುವೆ ನಗುಮುಖ ಓದಿದ. ಪ್ರತಿ ಸಾಲಿಗೂ ಪೆನ್ನಿನಿಂದ ಒಂದು ಚುಕ್ಕೆ. ಹನ್ನೊಂದನೆಯ ಪುಟದಲ್ಲಿ ಪೆನ್ನು ನಿಂತಿತು. "ಇದು ಯಾಕೆ?"

ಬೀಗದಮ್ಮ ಬಗ್ಗಿ ನೋಡಿದಳು. "ಅದಾ? ಅದು ಸುಮ್ನೆ, ಪರೀಕ್ಷೆಗೆ ಅಂತ ಸದ್ಯಕ್ಕೆ..." ಎಂದವಳು ಅಲ್ಲೇ ನಿಂತಳು. ನಗುಮುಖನ ಹುಬ್ಬು ಸ್ವಲ್ಪ ಮೇಲೆ ಹೋಯಿತು. ಆಕೆ ಮೂರನೆಯ ಮಹಡಿಗೆ ಹತ್ತಿಹೋಗಿ ಆ ಸಾಲನ್ನು ಅಳಿಸಿ, ಆ ಪುಟವನ್ನು ಮತ್ತೆ ಅಚ್ಚು ಹಾಕಿಕೊಂಡು ಇಳಿದು ಬಂದಳು.

ಹನ್ನೆರಡೂವರೆಗೆ ಹದಿನಾಲ್ಕು ಪುಟವೂ ಮುಗಿಯಿತು. ಘೋಷಣೆಯ ಕಾಗದವನ್ನು ಬೀಗದಮ್ಮ ರಿಸೆಪ್ಷನ್ನಿನ ಕಟ್ಟೆಯ ಮೇಲೇ ಹರಡಿದಳು. ತನ್ನ ಪೆನ್ನು ಮೇಲೆಯೇ ಉಳಿದಿತ್ತು. ನಗುಮುಖ ತನ್ನದನ್ನು ಕೊಟ್ಟ. ಬೆಳಿಗ್ಗೆಯಿಂದ ಓದುತ್ತಾ ಓದುತ್ತಾ ಅವನು ಅದರ ತುದಿಯನ್ನು ಅಗಿದು ಅಗಿದು ಪೊರಕೆಯ ಕಡ್ಡಿ ಮಾಡಿಟ್ಟಿದ್ದ. ತುದಿ ಇನ್ನೂ ಒದ್ದೆಯಾಗಿತ್ತು.

ಬೀಗದಮ್ಮ ಪೆನ್ನನ್ನು ನೋಡಿದಳು. ಕಾಗದವನ್ನು ನೋಡಿದಳು. "ಅದರ ಪ್ರತಿ ಬೇರಾರ ಬಳಿಯೂ ಇರುವುದಿಲ್ಲ." ಈ ಸಲ ನಿಜ. ಉಸಿರು ಬಿಗಿಹಿಡಿದು ಪೆನ್ನು ತೆಗೆದುಕೊಂಡು ಸಹಿ ಹಾಕಿದಳು. ಸಹಿಯ ಶಾಯಿ ಆರುವ ಮೊದಲೇ ಎದ್ದುಹೋಗಿ, ಮೊಣಕೈಯವರೆಗೆ ಸೋಪು ಹಚ್ಚಿ ಕೈ ತೊಳೆದಳು.